ನಮ್ಮವರಿಲ್ಲದ ಕೊನೆಯ ಸುತ್ತು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ಜನಕ್ಕೆ ಕಾಯುವುದು ಹೊಸದಲ್ಲ. ಮರದಿಂದ ಕೆಡವಿದ ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೆರಡು ತಿಂಗಳು ಬೇಕು. ಆದರೆ ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯಂಥ ಊರುಗಳ ಕ್ರಿಕೆಟ್ ಪ್ರೇಮಿಗಳು ಇನ್ನೊಂದು ಫಸಲಿಗಾಗಿ ಇದಕ್ಕಿಂತ ಬಹಳ ಹೆಚ್ಚು ಕಾಲ ಕಾದರು. 2008ರಲ್ಲಿ ಐಪಿಎಲ್ ಆರಂಭವಾದಾಗಿನಿಂದ ಆಡುತ್ತಿರುವ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡಕ್ಕೆ ಮೊದಲ ಕಪ್ ದೊರೆತದ್ದು 2025ರ ಜೂನ್ 3ರಂದು, ಹದಿನೆಂಟನೆಯ ಪ್ರಯತ್ನದಲ್ಲಿ.

ಈ ಹದಿನೆಂಟು ಆವೃತ್ತಿಗಳಲ್ಲಿ ಎಂಟು ಬಾರಿ, ಅಂದರೆ 2008, 2012, 2013, 2014, 2017, 2018, 2019 ಹಾಗೂ 2023ರಲ್ಲಿ, ಬೆಂಗಳೂರು ತಂಡ ಕೊನೆಯ ನಾಲ್ಕರ ಘಟ್ಟವನ್ನೇ ಮುಟ್ಟಲಿಲ್ಲ. ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆ ಲೀಗ್ ಹಂತದಲ್ಲೇ ಮುಗಿದುಹೋಗುತ್ತಿತ್ತು. ಆದರೆ ಪಂದ್ಯಾವಳಿ ಮುಗಿಯುತ್ತಿರಲಿಲ್ಲ. ಅದರ ಅತ್ಯಂತ ಬಿಗಿಯಾದ, ಕುತೂಹಲದ ಪಂದ್ಯಗಳು ಇನ್ನೂ ಉಳಿದಿರುತ್ತಿದ್ದವು.

ಆ ರಾತ್ರಿಗಳಲ್ಲಿ ಕನ್ನಡ ನಾಡಿನ ಪ್ರೇಕ್ಷಕ ಏನು ಮಾಡಬೇಕು? ಟಿ.ವಿ. ಆರಿಸಿ ಮಲಗಬೇಕೆ? ಅಥವಾ ಯಾರೋ ಇಬ್ಬರ ಜಗಳವನ್ನು ನೋಡುತ್ತಾ ಕೂರಬೇಕೆ? ಮೇಲುನೋಟಕ್ಕೆ ಇದು ಹಗುರವಾದ ಪ್ರಶ್ನೆ. ಆದರೆ ಜನ ಪ್ರೀತಿಸುವುದು ಆಟವನ್ನೋ ತಮ್ಮ ತಂಡದ ಗೆಲುವನ್ನೋ ಎಂಬ ದೊಡ್ಡ ಪ್ರಶ್ನೆ ಇದರೊಳಗೇ ಅಡಗಿದೆ. ಇದಕ್ಕೆ ಉತ್ತರ ಹುಡುಕಲು ಐಪಿಎಲ್‌ಗಿಂತ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.

ಮುಂಬಯಿಯ ಹದಿನೈದು ವರ್ಷ

ರಣಜಿ ಟ್ರೋಫಿ ಪಂದ್ಯಾವಳಿ ಆರಂಭವಾದದ್ದು 1934–35ರಲ್ಲಿ. ಅಂದಿನ ಮೈಸೂರು ತಂಡ 1941–42ರಲ್ಲಿ ಮತ್ತು 1959–60ರಲ್ಲಿ ಫೈನಲ್ ತಲುಪಿತು. ಎರಡೂ ಬಾರಿ ಮುಂಬಯಿ ತಂಡಕ್ಕೆ ಇನಿಂಗ್ಸ್ ಅಂತರದಿಂದ ಶರಣಾಯಿತು. ಉಳಿದ ವರ್ಷಗಳಲ್ಲಿ ಮೈಸೂರು ಸೀಮೆಯ ಕ್ರಿಕೆಟ್ ಅಭಿಮಾನಿಗೆ ರಣಜಿ ಫೈನಲ್ ಎಂದರೆ ಬೇರೆಯವರ ಮನೆಯ ಮದುವೆಯೇ ಆಗಿತ್ತು.

1958–59ರಿಂದ 1972–73ರವರೆಗೆ ಸತತ ಹದಿನೈದು ವರ್ಷ ಕಪ್ ಗೆದ್ದದ್ದು ಮುಂಬಯಿ. ಈ ಅವಧಿಯಲ್ಲಿ ಅದರ ಎದುರು ಮತ್ತೆ ಮತ್ತೆ ಫೈನಲ್‌ಗೆ ಬಂದು ಸೋತ ತಂಡ ರಾಜಸ್ಥಾನ, ಒಟ್ಟು ಏಳು ಬಾರಿ. ಸದಾ ಗೆಲ್ಲುವವನು ಒಮ್ಮೆ ಸೋಲಲಿ, ಸದಾ ಸೋಲುವವನು ಒಮ್ಮೆ ಗೆಲ್ಲಲಿ ಎಂದು ಬಯಸುವುದು ಕಟ್ಟೆಯ ಮೇಲೆ ಕುಳಿತು ಕುಸ್ತಿ ನೋಡುವವರ ಹಳೆಯ ಚಾಳಿ. ತಟಸ್ಥ ಪ್ರೇಕ್ಷಕ ಪಕ್ಷ ವಹಿಸುವ ಮೊದಲ ರೀತಿ ಇದು.

ಮುಂಬಯಿಯ ಓಟವನ್ನು ಕೊನೆಗೆ ತಡೆದದ್ದು ಎರಪಳ್ಳಿ ಪ್ರಸನ್ನ ನಾಯಕತ್ವದ ಕರ್ನಾಟಕ, 1973–74ರ ಸೆಮಿಫೈನಲ್‌ನಲ್ಲಿ, ಬೆಂಗಳೂರಿನಲ್ಲಿ. ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದು ಆಗ ಇನ್ನೂ ಕೆಲವೇ ತಿಂಗಳಾಗಿತ್ತು. ನಂತರ ಜೈಪುರದಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕಕ್ಕೆ ಎದುರಾದದ್ದು ಅದೇ ರಾಜಸ್ಥಾನ. ಅದು ಎಂಟನೆಯ ಬಾರಿಯೂ ಸೋತಿತು. ನಮಗೆ ಅದು ಮೊದಲ ಕಪ್‌ನ ಸಂಭ್ರಮ. ಆದರೆ ದೇಶದ ಬೇರೆಡೆ ಕುಳಿತು ರೇಡಿಯೊ ಕೇಳುತ್ತಿದ್ದ ತಟಸ್ಥನ ಮನಸ್ಸು ಯಾವ ಕಡೆಗೆ ವಾಲಿರಬಹುದು ಎಂದು ಯೋಚಿಸಿದರೆ, ನಾವೂ ಒಮ್ಮೆ ಇನ್ನೊಬ್ಬರ ಕತೆಯ ಪ್ರತಿಸ್ಪರ್ಧಿಗಳಾಗಿದ್ದೆವು ಎಂಬುದು ಹೊಳೆಯುತ್ತದೆ.

ಸೇಡು ಮತ್ತು ಋಣ

ಹಳ್ಳಿಗಳಿಗೆ ದೂರದರ್ಶನ ಹರಡಿದ ಮೇಲೆ ಬಂದ ಮೊದಲ ದೊಡ್ಡ ಪರೀಕ್ಷೆ 1987ರ ವಿಶ್ವಕಪ್. ಭಾರತ ಮತ್ತು ಪಾಕಿಸ್ತಾನ ಒಟ್ಟಾಗಿ ನಡೆಸಿದ ಆ ಪಂದ್ಯಾವಳಿಯಲ್ಲಿ ಎರಡೂ ಆತಿಥೇಯ ತಂಡಗಳು ಕಲ್ಕತ್ತೆಯ ಫೈನಲ್‌ನಲ್ಲಿ ಸೆಣಸುತ್ತವೆ ಎಂಬುದು ಎಲ್ಲರ ಲೆಕ್ಕಾಚಾರವಾಗಿತ್ತು. ನವೆಂಬರ್ 4ರಂದು ಲಾಹೋರ್‌ನಲ್ಲಿ ಪಾಕಿಸ್ತಾನ ಆಸ್ಟ್ರೇಲಿಯಕ್ಕೆ ಸೋತಿತು. ಮರುದಿನ ಮುಂಬಯಿಯಲ್ಲಿ ಗ್ರಹಾಂ ಗೂಚ್ ಸ್ವೀಪ್ ಹೊಡೆತಗಳಿಂದಲೇ ಭಾರತದ ಸ್ಪಿನ್ ದಾಳಿಯನ್ನು ಮುರಿದು 115 ರನ್ ಗಳಿಸಿದರು. ಭಾರತ 35 ರನ್‌ಗಳಿಂದ ಸೋತಿತು.

ಹೀಗೆ ನವೆಂಬರ್ 8ರಂದು ಈಡನ್ ಗಾರ್ಡನ್ಸ್‌ನಲ್ಲಿ ಎದುರುಬದುರಾದವರು ಆಸ್ಟ್ರೇಲಿಯ ಮತ್ತು ಇಂಗ್ಲೆಂಡ್. ಆದರೂ ಕ್ರೀಡಾಂಗಣ ತುಂಬಿತು. ನೆರೆದ ಜನರಲ್ಲಿ ಹೆಚ್ಚಿನವರು ಆಸ್ಟ್ರೇಲಿಯದ ಪರ ಕೂಗಿದರು. ಕಾರಣ ಸರಳ: ಮೂರು ದಿನಗಳ ಹಿಂದೆ ನಮ್ಮನ್ನು ಹೊರಹಾಕಿದ್ದು ಇಂಗ್ಲೆಂಡ್. ಆಸ್ಟ್ರೇಲಿಯದ 253 ರನ್‌ಗಳನ್ನು ಬೆನ್ನಟ್ಟಿದ ಇಂಗ್ಲೆಂಡ್ ನಾಯಕ ಮೈಕ್ ಗ್ಯಾಟಿಂಗ್, ಅಲನ್ ಬಾರ್ಡರ್ ಎಸೆದ ಮೊದಲ ಚೆಂಡಿಗೇ ರಿವರ್ಸ್ ಸ್ವೀಪ್ ಮಾಡಲು ಹೋಗಿ ಔಟಾದರು. ಆಸ್ಟ್ರೇಲಿಯ 7 ರನ್‌ಗಳಿಂದ ಗೆದ್ದು ಮೊದಲ ಬಾರಿಗೆ ವಿಶ್ವಕಪ್ ಎತ್ತಿತು. ನಮ್ಮನ್ನು ಸೋಲಿಸಿದವರು ಸೋಲಲಿ ಎಂಬುದು ಪಕ್ಷ ವಹಿಸುವ ಎರಡನೆಯ ರೀತಿ. ಉದಾತ್ತವಲ್ಲದಿದ್ದರೂ ಸಹಜ.

ಇದಕ್ಕೆ ತದ್ವಿರುದ್ಧವಾದದ್ದು 1996ರಲ್ಲಿ ಘಟಿಸಿತು. ಮಾರ್ಚ್ 9ರಂದು ಬೆಂಗಳೂರಿನಲ್ಲಿ ಪಾಕಿಸ್ತಾನವನ್ನು ಸೋಲಿಸಿದ ಭಾರತ, ಮಾರ್ಚ್ 13ರಂದು ಈಡನ್ ಗಾರ್ಡನ್ಸ್‌ನಲ್ಲಿ ಶ್ರೀಲಂಕಾವನ್ನು ಎದುರಿಸಿತು. ಪಂದ್ಯದ ಮೊದಲ ಓವರ್‌ನಲ್ಲೇ ಜಾವಗಲ್ ಶ್ರೀನಾಥ್ ಲಂಕೆಯ ಇಬ್ಬರು ಆರಂಭಿಕ ದಾಂಡಿಗರನ್ನೂ ಉರುಳಿಸಿದರು. ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಾದರೂ ಅವರ ಹೆಸರಿನ ಮುಂದಿರುವ ಜಾವಗಲ್ ಎಂಬುದು ತಿಪಟೂರಿಗೆ ಹೊಂದಿಕೊಂಡ ಅರಸೀಕೆರೆ ತಾಲ್ಲೂಕಿನ ಊರು. ಆದ್ದರಿಂದ ಈ ತೆಂಗಿನ ಸೀಮೆಗೆ ಆ ಓವರ್ ಮನೆಯ ಹುಡುಗನದೇ ಆಗಿತ್ತು.

ಆದರೆ ಗುರಿ ಬೆನ್ನಟ್ಟಿದ ಭಾರತ ಒಂದು ವಿಕೆಟ್‌ಗೆ 98 ರನ್‌ಗಳಿಂದ ಎಂಟು ವಿಕೆಟ್‌ಗೆ 120ಕ್ಕೆ ಕುಸಿಯಿತು. ಪ್ರೇಕ್ಷಕರು ಬಾಟಲಿ ಎಸೆದು ಬೆಂಕಿ ಹಚ್ಚಿದರು. ಪಂದ್ಯದ ರೆಫರಿ ಕ್ಲೈವ್ ಲಾಯ್ಡ್ ಆಟ ನಿಲ್ಲಿಸಿ ಶ್ರೀಲಂಕಾ ಗೆದ್ದಿತೆಂದು ಘೋಷಿಸಿದರು.

ನಾಲ್ಕೇ ದಿನಗಳ ನಂತರ ಲಾಹೋರ್‌ನಲ್ಲಿ ಶ್ರೀಲಂಕಾ ಮತ್ತು ಆಸ್ಟ್ರೇಲಿಯ ನಡುವೆ ಫೈನಲ್. 1987ರ ಲೆಕ್ಕದಂತೆ ಭಾರತದ ಪ್ರೇಕ್ಷಕ ಲಂಕೆಯ ಸೋಲನ್ನು ಬಯಸಬೇಕಿತ್ತು. ಆದರೆ ಬಹಳಷ್ಟು ಮಂದಿ ಲಂಕೆಯ ಕಡೆಗೇ ನಿಂತರು. ಇದಕ್ಕೆ ಹಿನ್ನೆಲೆಯೂ ಇತ್ತು. ಕೊಲಂಬೊದಲ್ಲಿ ಬಾಂಬ್ ಸ್ಫೋಟವಾದ ಮೇಲೆ ಆಸ್ಟ್ರೇಲಿಯ ಮತ್ತು ವೆಸ್ಟ್ ಇಂಡೀಸ್ ಅಲ್ಲಿಗೆ ಹೋಗಿ ಆಡಲು ಒಪ್ಪಿರಲಿಲ್ಲ. ಆಗ ಭಾರತ ಮತ್ತು ಪಾಕಿಸ್ತಾನದ ಆಟಗಾರರು ಒಂದೇ ತಂಡವಾಗಿ ಕೊಲಂಬೊಗೆ ಹೋಗಿ, ಫೆಬ್ರುವರಿ 13ರಂದು ಸೌಹಾರ್ದ ಪಂದ್ಯ ಆಡಿ ಬಂದಿದ್ದರು. ನೆರೆಯವನ ಕಷ್ಟಕ್ಕೆ ಹೆಗಲು ಕೊಟ್ಟ ಮೇಲೆ ಅವನ ಸುಖದಲ್ಲೂ ಪಾಲು ಇರುತ್ತದಲ್ಲವೆ? ಲಾಹೋರ್‌ನಲ್ಲಿ ಅರವಿಂದ ಡಿ ಸಿಲ್ವ ಮೂರು ವಿಕೆಟ್ ಪಡೆದು, ಔಟಾಗದೆ 107 ರನ್ ಗಳಿಸಿ ಲಂಕೆಗೆ ಕಪ್ ತಂದುಕೊಟ್ಟರು. ಈಡನ್‌ನಲ್ಲಿ ಬೆಂಕಿಯ ಹೊಗೆಯಲ್ಲಿ ಕಣ್ಣು ಮುಚ್ಚಿಕೊಂಡವರಿಗೆ ಆ ಲಂಕಾ ತಂಡ ಏಕದಿನ ಆಟದ ರೀತಿಯನ್ನೇ ಬದಲಾಯಿಸುತ್ತಿದೆ ಎಂಬುದು ಕಾಣಿಸಿರಲಿಲ್ಲ. ಫೈನಲ್ ನೋಡಿದವರಿಗೆ ಕಂಡಿತು.

ಟಿ.ವಿ. ಆರಿಸಿದವರು ಕಳೆದುಕೊಂಡದ್ದು

1999ರ ವಿಶ್ವಕಪ್ ಇಂಗ್ಲೆಂಡಿನಲ್ಲಿ ನಡೆಯಿತು. ಭಾರತ ಸೂಪರ್ ಸಿಕ್ಸ್ ಹಂತದಲ್ಲೇ ಹೊರಬಿತ್ತು. ಆದರೆ ಪಂದ್ಯಾವಳಿ ಮುಗಿದಾಗ ಅತಿ ಹೆಚ್ಚು ರನ್ ಗಳಿಸಿದವರ ಪಟ್ಟಿಯ ತುದಿಯಲ್ಲಿದ್ದ ಹೆಸರು ರಾಹುಲ್ ದ್ರಾವಿಡ್, 461 ರನ್. ಸೆಮಿಫೈನಲ್ ಮತ್ತು ಫೈನಲ್ ಆಡಿದ ಆಸ್ಟ್ರೇಲಿಯದ ವಾ ಸಹೋದರರಿಗೂ ಅದನ್ನು ದಾಟಲಾಗಲಿಲ್ಲ. ತಂಡ ಮನೆಗೆ ಬಂದ ಮೇಲೂ ಕನ್ನಡಿಗರಿಗೆ ಆ ಕೊನೆಯ ಪಂದ್ಯಗಳಲ್ಲಿ ಕಾದು ನೋಡಬೇಕಾದ ಒಂದು ಲೆಕ್ಕ ಉಳಿದೇ ಇತ್ತು.

ಅದನ್ನು ನೋಡುತ್ತಿದ್ದವರಿಗೆ ಜೂನ್ 17ರಂದು ಎಜ್‌ಬಾಸ್ಟನ್‌ನಲ್ಲಿ ಸಿಕ್ಕಿದ್ದು ಏಕದಿನ ಕ್ರಿಕೆಟ್ಟಿನ ಅತ್ಯಂತ ನೆನಪಿನ ಪಂದ್ಯಗಳಲ್ಲೊಂದು. ಆಸ್ಟ್ರೇಲಿಯ 213, ದಕ್ಷಿಣ ಆಫ್ರಿಕವೂ 213. ಗೆಲ್ಲಲು ಒಂದೇ ರನ್ ಬೇಕಿದ್ದಾಗ ಕ್ಲೂಸ್ನರ್ ಓಡಿದರು, ಡೊನಾಲ್ಡ್ ನಿಂತರು, ರನೌಟ್ ಆಯಿತು. ಹಿಂದಿನ ಹಂತದಲ್ಲಿ ಮೇಲಿದ್ದ ಆಸ್ಟ್ರೇಲಿಯ ಫೈನಲ್‌ಗೆ ಹೋಯಿತು.

2007ರ ವಿಶ್ವಕಪ್ ಇನ್ನೂ ಕಹಿ. ದ್ರಾವಿಡ್ ನಾಯಕತ್ವದ ಭಾರತ ಬಾಂಗ್ಲಾದೇಶಕ್ಕೂ ಶ್ರೀಲಂಕಾಗೂ ಸೋತು ಮೊದಲ ಸುತ್ತಿನಲ್ಲೇ ಹೊರಬಿತ್ತು. ಪ್ರತಿಕೃತಿಗಳು ಸುಟ್ಟವು, ರಾಂಚಿಯಲ್ಲಿ ಧೋನಿಯವರ ಕಟ್ಟುತ್ತಿದ್ದ ಮನೆಯ ಮೇಲೆ ದಾಳಿಯಾಯಿತು. ಭಾರತ ಸೋತ ಮಾರ್ಚ್ 23ರಿಂದ ಫೈನಲ್ ನಡೆದ ಏಪ್ರಿಲ್ 28ರವರೆಗೆ ಒಂದು ತಿಂಗಳಿಗೂ ಹೆಚ್ಚು ಕಾಲ ಪಂದ್ಯಾವಳಿ ನಡೆಯುತ್ತಲೇ ಇತ್ತು. ಆ ಅವಧಿಯಲ್ಲಿ ಟಿ.ವಿ. ಆರಿಸಿದವರಿಗೆ ತಪ್ಪಿಹೋದದ್ದು ಕಡಿಮೆಯಲ್ಲ. ಮಾರ್ಚ್ 28ರಂದು ಲಸಿತ್ ಮಾಲಿಂಗ ದಕ್ಷಿಣ ಆಫ್ರಿಕದ ನಾಲ್ಕು ವಿಕೆಟ್‌ಗಳನ್ನು ಸತತ ನಾಲ್ಕು ಎಸೆತಗಳಲ್ಲಿ ಪಡೆದರು. ಬಾರ್ಬಡೋಸ್‌ನ ಫೈನಲ್‌ನಲ್ಲಿ ಆಡಂ ಗಿಲ್‌ಕ್ರಿಸ್ಟ್, ಹಿಡಿತಕ್ಕೆಂದು ಕೈಗವಸಿನೊಳಗೆ ಸ್ಕ್ವಾಶ್ ಚೆಂಡು ಇಟ್ಟುಕೊಂಡು, 149 ರನ್ ಸಿಡಿಸಿದರು.

2019ರಲ್ಲೂ ಹೀಗೆಯೇ ಆಯಿತು. ಜುಲೈ 10ರಂದು ಮ್ಯಾಂಚೆಸ್ಟರ್‌ನಲ್ಲಿ ನ್ಯೂಜಿಲೆಂಡ್ ಭಾರತವನ್ನು ಸೆಮಿಫೈನಲ್‌ನಲ್ಲಿ ಸೋಲಿಸಿತು. 14ರಂದು ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ನಡುವಿನ ಫೈನಲ್ ಟೈ ಆಯಿತು, ಸೂಪರ್ ಓವರ್ ಸಹ ಟೈ ಆಯಿತು, ಕೊನೆಗೆ ಬೌಂಡರಿಗಳನ್ನು ಎಣಿಸಿ ಇಂಗ್ಲೆಂಡ್ ಗೆದ್ದಿತೆಂದು ತೀರ್ಮಾನವಾಯಿತು. ಭಾರತ ಫೈನಲ್‌ಗೆ ಬರುತ್ತದೆಂದು ಮೊದಲೇ ಟಿಕೆಟ್ ಕೊಂಡಿದ್ದ ಅನೇಕರು ಅಂದು ಲಾರ್ಡ್ಸ್‌ನಲ್ಲಿ ಕುಳಿತು ಇದನ್ನು ಕಣ್ಣಾರೆ ಕಂಡರು. ಮೂರೇ ತಿಂಗಳಲ್ಲಿ ಆ ಬೌಂಡರಿ ಎಣಿಕೆಯ ನಿಯಮವನ್ನೇ ತೆಗೆದುಹಾಕಲಾಯಿತು.

ಬೇಸ್‌ಬಾಲ್ ನಾಡಿನ ರೂಢಿ

ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳಿಗೆ ಈ ಸಂಕಟ ಪ್ರತಿ ಅಕ್ಟೋಬರ್‌ನಲ್ಲೂ ಬರುತ್ತದೆ. ಅಲ್ಲಿನ ವರ್ಲ್ಡ್ ಸೀರಿಸ್ 1903ರಲ್ಲಿ ಆರಂಭವಾದಾಗ ಎರಡು ಲೀಗ್‌ಗಳ ಅಗ್ರ ತಂಡಗಳು ನೇರವಾಗಿ ಸೆಣಸುತ್ತಿದ್ದವು. 1969ರಲ್ಲಿ ಲೀಗ್‌ಗಳನ್ನು ವಿಭಾಗಗಳಾಗಿ ಒಡೆದು, ವರ್ಲ್ಡ್ ಸೀರಿಸ್‌ಗೆ ಮುನ್ನ ಇನ್ನೊಂದು ಸುತ್ತನ್ನು ಸೇರಿಸಲಾಯಿತು. 2022ರಿಂದ 30 ತಂಡಗಳಲ್ಲಿ 12ಕ್ಕೆ ಪ್ಲೇಆಫ್‌ನಲ್ಲಿ ಅವಕಾಶ. ಅಂದರೆ ಉಳಿದ 18 ತಂಡಗಳ ಅಭಿಮಾನಿಗಳು ಪ್ರತಿ ವರ್ಷ ಬೇರೆಯವರ ಆಟವನ್ನೇ ನೋಡಬೇಕು.

ಅವರೂ ನಮ್ಮವರಂತೆಯೇ ಪಕ್ಷ ಹುಡುಕುತ್ತಾರೆ. 2016ರ ವರ್ಲ್ಡ್ ಸೀರಿಸ್‌ನಲ್ಲಿ ಅದು ಕಷ್ಟದ ಕೆಲಸವಾಯಿತು. ಒಂದು ಕಡೆ 1908ರ ನಂತರ ಒಮ್ಮೆಯೂ ಗೆಲ್ಲದ ಶಿಕಾಗೊ ಕಬ್ಸ್. ಇನ್ನೊಂದು ಕಡೆ 1948ರ ನಂತರ ಗೆಲ್ಲದ ಕ್ಲೀವ್‌ಲೆಂಡ್. ಇಬ್ಬರೂ ಕಾದವರೇ. ಏಳನೆಯ ಹಾಗೂ ಕೊನೆಯ ಪಂದ್ಯ ಹತ್ತನೆಯ ಇನಿಂಗ್ಸ್‌ವರೆಗೆ ಬೆಳೆದು, ಮಧ್ಯರಾತ್ರಿ ದಾಟಿದ ಮೇಲೆ ಕಬ್ಸ್ 8–7ರಿಂದ ಗೆದ್ದಿತು. 108 ವರ್ಷಗಳ ಕಾಯುವಿಕೆ ಮುಗಿಯಿತು.

ತಮ್ಮ ತಂಡವೇ ಇಲ್ಲದ ಪಂದ್ಯಾವಳಿಯನ್ನು ಪ್ರೀತಿಸುವವರನ್ನು ಕಾಣಲು ಅಷ್ಟು ದೂರ ಹೋಗಬೇಕಿಲ್ಲ. ಬೆಂಗಳೂರಿನ ಹಲಸೂರು ಬಳಿಯ ಗೌತಮಪುರದಲ್ಲಿ ಫುಟ್‌ಬಾಲ್ ದಂತಕತೆ ಪೆಲೆಯ ಪ್ರತಿಮೆಯಿದೆ. ಭಾರತ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಒಮ್ಮೆಯೂ ಆಡಿಲ್ಲ. 1950ರಲ್ಲಿ ಬ್ರೆಜಿಲ್‌ನಲ್ಲಿ ಆಡುವ ಅವಕಾಶ ಬಂದಿದ್ದರೂ ಹೋಗಲಿಲ್ಲ. ಆದರೂ ವಿಶ್ವಕಪ್ ಬಂದಾಗಲೆಲ್ಲ ಗೌತಮಪುರದ ಬೀದಿಗಳು ಬ್ರೆಜಿಲ್‌ನ ಹಳದಿ ಬಣ್ಣಕ್ಕೆ ತಿರುಗುತ್ತವೆ. ದತ್ತು ತೆಗೆದುಕೊಂಡ ತಂಡವೂ ಕಾಲಕ್ರಮದಲ್ಲಿ ಸ್ವಂತದ್ದಾಗುತ್ತದೆ.

ಬೇರೆ ಅಂಗಿ ತೊಟ್ಟ ನಮ್ಮ ಹುಡುಗರು

ಮತ್ತೆ ಐಪಿಎಲ್‌ಗೆ ಬರೋಣ. ಅದರ ಕೊನೆಯ ಸುತ್ತಿನ ಈಗಿನ ವ್ಯವಸ್ಥೆ ಆರಂಭವಾದದ್ದು 2011ರಲ್ಲಿ. ಅದಕ್ಕೆ ಮುಂಚೆ ಸಾಮಾನ್ಯ ಸೆಮಿಫೈನಲ್‌ಗಳಿದ್ದವು. ಈಗ ಮೊದಲೆರಡು ಸ್ಥಾನದ ತಂಡಗಳು ಆಡಿದರೆ ಗೆದ್ದವರು ಫೈನಲ್‌ಗೆ ಹೋಗುತ್ತಾರೆ, ಸೋತವರಿಗೆ ಇನ್ನೊಂದು ಅವಕಾಶ ಸಿಗುತ್ತದೆ. ಮೂರು ಮತ್ತು ನಾಲ್ಕನೆಯ ಸ್ಥಾನದವರಲ್ಲಿ ಸೋತವರು ಮನೆಗೆ ಹೋಗುತ್ತಾರೆ, ಗೆದ್ದವರು ಆ ಎರಡನೆಯ ಅವಕಾಶದ ತಂಡವನ್ನು ಎದುರಿಸುತ್ತಾರೆ. 1931ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಫುಟ್‌ಬಾಲ್ ಲೀಗ್‌ಗಾಗಿ ರೂಪಿಸಿದ ಪದ್ಧತಿ ಇದು. ಪಕ್ಷವಿಲ್ಲದ ಪ್ರೇಕ್ಷಕನಿಗೆ ಇದರಿಂದ ಒಂದು ಅನುಕೂಲವಿದೆ. ನಾಲ್ಕು ತಂಡಗಳ ಅದೃಷ್ಟ ಬೇರೆ ಬೇರೆ ತೂಕದ್ದಾಗಿರುವುದರಿಂದ, ಯಾರ ಕಡೆ ನಿಲ್ಲಬೇಕೆಂದು ಯೋಚಿಸಲು ಕಾರಣಗಳೂ ಹೆಚ್ಚು.

ಕನ್ನಡಿಗರಿಗೆ ಕಾರಣ ಹುಡುಕುವ ತೊಂದರೆ ಅಷ್ಟಾಗಿ ಬರಲಿಲ್ಲ. 2013ರಲ್ಲಿ ಬೆಂಗಳೂರು ತಂಡ ಐದನೆಯ ಸ್ಥಾನದಲ್ಲಿ ನಿಂತು ಒಂದೇ ಮೆಟ್ಟಿಲಿನಿಂದ ತಪ್ಪಿಸಿಕೊಂಡಿತು. ಆದರೆ ಮೇಲಿನ ನಾಲ್ವರಲ್ಲಿದ್ದ ರಾಜಸ್ಥಾನ ರಾಯಲ್ಸ್‌ನ ನಾಯಕ ರಾಹುಲ್ ದ್ರಾವಿಡ್. 2008ರಲ್ಲಿ ಬೆಂಗಳೂರಿನ ಮೊದಲ ನಾಯಕರಾಗಿದ್ದವರೂ ಅವರೇ. ಮೇ 24ರಂದು ಕೋಲ್ಕತ್ತದಲ್ಲಿ ಮುಂಬಯಿ ವಿರುದ್ಧ ಅವರು ಆಡಿದ್ದು ಅವರ ಕೊನೆಯ ಐಪಿಎಲ್ ಪಂದ್ಯ. ಅಂದು ಎದುರಾಳಿ ಮುಂಬಯಿಯ ಮಾರ್ಗದರ್ಶಕರಾಗಿದ್ದವರು ಅನಿಲ್ ಕುಂಬ್ಳೆ. ಬೆಂಗಳೂರು ತಂಡವಿಲ್ಲದ ಪಂದ್ಯದಲ್ಲಿ ಬೆಂಗಳೂರಿನ ಇಬ್ಬರು ಹಿರಿಯರು ಎರಡು ಕಡೆ ನಿಂತಿದ್ದರು.

ಮರುವರ್ಷ ವಿಧಿ ಇನ್ನೂ ವಿಚಿತ್ರವಾದ ಆಟ ಹೂಡಿತು. ಮುಂಬಯಿಯಲ್ಲಿ ನಡೆಯಬೇಕಿದ್ದ ಫೈನಲ್ ಬೆಂಗಳೂರಿಗೆ ಬಂತು. ಆದರೆ ಬೆಂಗಳೂರು ತಂಡ ಏಳನೆಯ ಸ್ಥಾನದಲ್ಲಿತ್ತು. 2014ರ ಜೂನ್ 1ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಡಿದವರು ಕೋಲ್ಕತ್ತ ಮತ್ತು ಪಂಜಾಬ್. ವೃದ್ಧಿಮಾನ್ ಸಹಾ ಔಟಾಗದೆ 115 ರನ್ ಹೊಡೆದು ಪಂಜಾಬ್ ಮೊತ್ತವನ್ನು 199ಕ್ಕೆ ಮುಟ್ಟಿಸಿದರು. ಅದನ್ನು ಬೆನ್ನಟ್ಟಿದ ಕೋಲ್ಕತ್ತಕ್ಕೆ ಆಸರೆಯಾದವರು ಮನೀಶ್ ಪಾಂಡೆ, 50 ಚೆಂಡುಗಳಲ್ಲಿ 94 ರನ್. ಪಂದ್ಯ ಪುರುಷೋತ್ತಮರೂ ಅವರೇ. ಆ ವರ್ಷ ಐಪಿಎಲ್‌ನಲ್ಲಿ ಅತಿ ಹೆಚ್ಚು ರನ್ ಗಳಿಸಿದವರು ಅದೇ ತಂಡದ ರಾಬಿನ್ ಉತ್ತಪ್ಪ, 660 ರನ್. ಇಬ್ಬರೂ ಹಿಂದೆ ಬೆಂಗಳೂರಿಗೆ ಆಡಿದ್ದವರು. ಪಾಂಡೆ 2009ರಲ್ಲಿ ಬೆಂಗಳೂರಿನ ಅಂಗಿ ತೊಟ್ಟೇ ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯರಾಗಿದ್ದರು. ತಮ್ಮ ಊರಿನ ಅಂಗಳದಲ್ಲಿ, ತಮ್ಮವರೇ ಬೆಳೆಸಿದ ಆಟಗಾರರು ಬೇರೊಂದು ನಗರಕ್ಕೆ ಕಪ್ ಗೆದ್ದುಕೊಟ್ಟರು. ಅದನ್ನು ಹೆಮ್ಮೆ ಎನ್ನಬೇಕೋ ಕೊರಗು ಎನ್ನಬೇಕೋ ಎಂಬುದು ನೋಡಿದವರ ಮನಸ್ಸಿಗೆ ಬಿಟ್ಟದ್ದು. ಆದರೆ ನೋಡದವರಿಗೆ ಎರಡೂ ದಕ್ಕಲಿಲ್ಲ.

2017ರಲ್ಲಿ ಬೆಂಗಳೂರು ತಂಡ ಎಂಟು ತಂಡಗಳಲ್ಲಿ ಕೊನೆಯದಾಯಿತು. ಆದರೂ ಎರಡು ಪ್ಲೇಆಫ್ ಪಂದ್ಯಗಳು ಚಿನ್ನಸ್ವಾಮಿಯಲ್ಲೇ ನಡೆದವು. ಮೇ 17ರಂದು ಹೈದರಾಬಾದ್ ಮತ್ತು ಕೋಲ್ಕತ್ತ ನಡುವೆ ಮಳೆ ಬಂದು ಆಟ ಗಂಟೆಗಟ್ಟಲೆ ನಿಂತಿತು. ಆರು ಓವರ್‌ಗಳಲ್ಲಿ 48 ರನ್ ಎಂದು ಗುರಿ ಕುಗ್ಗಿ, ಕೋಲ್ಕತ್ತ ಗೆದ್ದಾಗ ಮಧ್ಯರಾತ್ರಿ ಕಳೆದು ಒಂದು ಗಂಟೆಯೂ ದಾಟಿತ್ತು.

2018ರ ಕತೆಯಲ್ಲಿ ಇನ್ನೊಂದು ತಿರುವು. ಮೇ 19ರಂದು ಜೈಪುರದಲ್ಲಿ ಬೆಂಗಳೂರಿನ ಆಸೆಗೆ ತೆರೆ ಎಳೆದವರು ರಾಜಸ್ಥಾನದ ಲೆಗ್ ಸ್ಪಿನ್ನರ್ ಶ್ರೇಯಸ್ ಗೋಪಾಲ್, 16 ರನ್‌ಗಳಿಗೆ ನಾಲ್ಕು ವಿಕೆಟ್. ಅವರೂ ಬೆಂಗಳೂರಿನವರೇ. ನಾಲ್ಕು ದಿನಗಳ ನಂತರ ರಾಜಸ್ಥಾನ ಮತ್ತು ಕೋಲ್ಕತ್ತ ನಡುವೆ ಎಲಿಮಿನೇಟರ್ ಪಂದ್ಯ. ಒಂದು ತಂಡದಲ್ಲಿ ಗೋಪಾಲ್ ಮತ್ತು ಕೃಷ್ಣಪ್ಪ ಗೌತಮ್. ಇನ್ನೊಂದರಲ್ಲಿ ಉತ್ತಪ್ಪ ಮತ್ತು ಪ್ರಸಿದ್ಧ ಕೃಷ್ಣ. 1987ರ ಲೆಕ್ಕದಲ್ಲಿ ನಮ್ಮನ್ನು ಹೊರಹಾಕಿದವರ ಮೇಲೆ ಸಿಟ್ಟು ಬರಬೇಕು. ಆದರೆ ಹೊರಹಾಕಿದವನೇ ಮನೆಯ ಹುಡುಗನಾದರೆ ಸಿಟ್ಟು ಎಲ್ಲಿ ನಿಲ್ಲುತ್ತದೆ?

ನೆಂಟಸ್ತನದ ಎಳೆ

ಇಷ್ಟನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ತನ್ನ ತಂಡವಿಲ್ಲದಾಗ ಪ್ರೇಕ್ಷಕ ತೀರಾ ತಟಸ್ಥನಾಗುವುದು ಅಪರೂಪ. ಆತ ಒಂದು ನೆಂಟಸ್ತನವನ್ನು ಹುಡುಕುತ್ತಾನೆ. ಸದಾ ಸೋತವನ ಮೇಲಿನ ಕನಿಕರ, ನಮ್ಮನ್ನು ಸೋಲಿಸಿದವನ ಮೇಲಿನ ಮುನಿಸು, ನೆರೆಯವನ ಋಣ, ಬೇರೆ ಅಂಗಿ ತೊಟ್ಟ ನಮ್ಮೂರ ಹುಡುಗ, ಇವುಗಳಲ್ಲಿ ಯಾವುದಾದರೂ ಒಂದು ಎಳೆ ಸಾಕು. ಎಳೆ ಸಿಕ್ಕಿದ ಮೇಲೆ, ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯವನೂ ಅಲ್ಲದ ಗಂಡಿನ ಕಡೆಯವನೂ ಅಲ್ಲದ ಅತಿಥಿಯಂತೆ ಆತ ನಿರಾಳವಾಗಿ ಕೂರುತ್ತಾನೆ. ಬೀಗರ ಮುನಿಸಿನ ಚಿಂತೆಯಿಲ್ಲ, ಊಟದ ರುಚಿ ಪೂರ್ತಿ ಸಿಗುತ್ತದೆ. ತನ್ನ ತಂಡ ಆಡುವಾಗ ಸ್ಕೋರಿನ ಮೇಲೆ ಮಾತ್ರ ನೆಟ್ಟಿರುವ ಕಣ್ಣು ಆಗ ಬೌಲರನ ಕೈ ತಿರುವನ್ನೂ ನಾಯಕ ಫೀಲ್ಡರುಗಳನ್ನು ಸರಿಸುವ ಜಾಣ್ಮೆಯನ್ನೂ ಗಮನಿಸುತ್ತದೆ.

ಇದು ತಂಡದ ನಿಷ್ಠೆಗೆ ದ್ರೋಹವಲ್ಲ. ಹಳ್ಳಿಯ ಕಬಡ್ಡಿ, ಟೆನಿಸ್ ಬಾಲ್ ಪಂದ್ಯಾವಳಿಗಳಲ್ಲಿ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ತಮ್ಮ ಊರಿನ ತಂಡ ಬೆಳಿಗ್ಗೆಯೇ ಸೋತರೂ ರಾತ್ರಿಯ ಫೈನಲ್ ಮುಗಿಯುವವರೆಗೆ ಜನ ಬಯಲಿನಲ್ಲಿ ಉಳಿಯುತ್ತಾರೆ. ಗೆದ್ದ ಊರಿನ ರೈಡರ್ ಯಾರ ಮಗ, ಅವನ ತಾಯಿಯ ತವರು ಯಾವುದು ಎಂಬ ವಿಚಾರಣೆಯಲ್ಲಿ ಒಂದು ಸಂಬಂಧ ಹೊರಟೇ ಹೊರಡುತ್ತದೆ.

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರು ತಂಡ ಫೈನಲ್ ಆಡಿತು. ಎದುರಾಳಿ ಪಂಜಾಬ್, 2008ರಿಂದ ಆಡುತ್ತಿದ್ದೂ ಅಲ್ಲಿಯವರೆಗೆ ಕಪ್ ಗೆಲ್ಲದ ಇನ್ನೊಂದು ತಂಡ. ಬೆಂಗಳೂರು 190 ರನ್ ಗಳಿಸಿತು, ಪಂಜಾಬ್ 184ಕ್ಕೆ ನಿಂತಿತು. ಮರುದಿನ ಬೆಂಗಳೂರಿನ ಕ್ರೀಡಾಂಗಣದ ಹೊರಗೆ ವಿಜಯೋತ್ಸವಕ್ಕೆ ನೆರೆದವರಲ್ಲಿ ಕಾಲ್ತುಳಿತ ಉಂಟಾಗಿ 11 ಜನ ಸತ್ತರು. ಹದಿನೆಂಟು ವರ್ಷ ಕಾದ ಸಂತೋಷ ಒಂದು ದಿನವೂ ಬಾಳಲಿಲ್ಲ. ಗೆದ್ದವರ ಮನೆಯಲ್ಲೇ ಸೂತಕವಾದ ಆ ಸಂಜೆಯನ್ನು ಕನ್ನಡಿಗರು ಮರೆಯುವುದು ಕಷ್ಟ.

ಆ ಫೈನಲ್‌ನ ರಾತ್ರಿಯ ಬಗ್ಗೆ ಇನ್ನೂ ಒಂದು ಮಾತು ಹೇಳಬೇಕು. ಅಂದು ಆಡದೆ ಉಳಿದ ಎಂಟು ತಂಡಗಳಿದ್ದವು. ಚೆನ್ನೈ, ಮುಂಬಯಿ, ಕೋಲ್ಕತ್ತ, ಹೈದರಾಬಾದ್, ಜೈಪುರಗಳ ಮನೆಗಳಲ್ಲಿ ಜನ ತಮ್ಮ ತಂಡವಿಲ್ಲದ ಫೈನಲ್ ನೋಡಲು ಕುಳಿತಿದ್ದರು. ಕಾದು ಬಳಲಿದ ಎರಡು ತಂಡಗಳಲ್ಲಿ ಯಾರ ಕಡೆ ನಿಲ್ಲಬೇಕೆಂಬ ತೊಳಲಾಟ ಆ ಒಂದು ರಾತ್ರಿ ಅವರದಾಗಿತ್ತು. ಅವರಲ್ಲಿ ಅದೆಷ್ಟೋ ಮಂದಿ, ಹಿಂದೆ ಎಂಟು ಬೇಸಿಗೆ ನಮ್ಮವರು ಪರರ ತಂಡಗಳಿಗೆ ಮಾಡಿದಂತೆಯೇ, ಯಾವುದೋ ಒಂದು ನೆಂಟಸ್ತನದ ಎಳೆ ಹಿಡಿದು ಬೆಂಗಳೂರಿಗಾಗಿ ಚಪ್ಪಾಳೆ ತಟ್ಟಿದರು.